ಠಕ್ಕನ ಬಾಯಿಂದ ಬಂದ ಕಥೆ



ದೆವ್ವದ ಕಥೆ ಕೇಳಿ ಅಂಜಿದವರು ದೀಪ ಹಚ್ಚಿದರೆ ಅಂಜಿಕೆ ಅರ್ಧ ಇಳಿಯುತ್ತದೆ. ‘ಇದೆಲ್ಲ ನಡೆದದ್ದು’ ಎಂದು ಮೊದಲೇ ಹೇಳಿಕೊಂಡು ಬರುವ ಭಯದ ಕಥೆಗೆ ಆ ಮದ್ದು ನಾಟುವುದಿಲ್ಲ. ಅಂಥ ಒಂದು ಕಾದಂಬರಿಯ ವಿಚಾರವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದರ ಹೆಸರು ‘ಕನ್ಫೆಷನ್ಸ್ ಆಫ್ ಎ ಥಗ್’. 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬರೆದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರ ಸೀಮೆಯ ಕೇಳುಗರಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಆತ ಕಟ್ಟಿಸಿದ ಮನೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್ ನಗರದಲ್ಲಿ. ಹದಿನೈದು ದಾಟಿದ ಹುಡುಗ ಮುಂಬೈಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು 1824ರಲ್ಲಿ ಹಡಗಿನಿಂದ ಇಳಿದ. ಅಲ್ಲಿ ನೆಲೆ ನಿಲ್ಲದೆ, ಹೈದರಾಬಾದ್ ನಿಜಾಮರ ಸೈನ್ಯಕ್ಕೆ ಸೇರಿಕೊಂಡ. ಮುಂದಿನ ಸೇವೆಯೆಲ್ಲ ಈ ದಖ್ಖನದ ನೆಲದಲ್ಲೇ ಕಳೆಯಿತು. ಇಲ್ಲಿಯ ಮಾತು ಕಲಿತ, ಇಲ್ಲಿಯ ಜನರೊಡನೆ ಬೆರೆತ. ಜನ ಅವನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಮಹಾದೇವ ಬಾಬಾ’ ಎಂದು ಕರೆದರು. ಜೇವರ್ಗಿಯ ಬಳಿ, ರಾಜನಕೋಳೂರಿನ ಬಳಿ ಇರುವ ಬೃಹತ್ ಶಿಲಾಯುಗದ ಕಲ್ಲಿನ ಗೋರಿಗಳನ್ನು ಮೊದಲು ಗಮನಿಸಿ ಬರೆದವರಲ್ಲಿ ಅವನೂ ಒಬ್ಬ. ವಿಜಯಪುರದ ಕಟ್ಟಡಗಳ ಬಗ್ಗೆಯೂ ಬರೆದ. ಹೀಗೆ ನೆಲದ ಮೇಲಿನದನ್ನೂ ನೆಲದ ಒಳಗಿನದನ್ನೂ ಕೆದಕಿ ನೋಡುವ ಸ್ವಭಾವ ಅವನದು. ಮೊದಲ ಕಾದಂಬರಿಯಲ್ಲಿ ಅವನು ಕೆದಕಿದ್ದು ಹೊಸ ಗೋರಿಗಳನ್ನು.

ಕಾದಂಬರಿ ಒಂದು ಜೈಲಿನಲ್ಲಿ ತೆರೆದುಕೊಳ್ಳುತ್ತದೆ. ದಾರಿಹೋಕರನ್ನು ನಂಬಿಸಿ ಕೊಲ್ಲುತ್ತಿದ್ದ ‘ಥಗ್’, ಅಂದರೆ ಠಕ್ಕರ ತಂಡದ ಅಮೀರ್ ಅಲಿ ಎಂಬ ಕೈದಿ, ಎದುರಿಗೆ ಕುಳಿತ ಸಾಹೇಬನಿಗೆ ತನ್ನ ಬಾಳಿನ ಕಥೆ ಹೇಳುತ್ತಾನೆ. ಅಳುವುದಿಲ್ಲ, ಕೈಮುಗಿಯುವುದಿಲ್ಲ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ಮನೆತನಸ್ಥನ ನಡೆ. ತನ್ನ ಕೈಯಿಂದ 719 ಜನ ಸತ್ತಿದ್ದಾರೆ ಎನ್ನುತ್ತಾನೆ. ನಡುವೆ ಸೆರೆಮನೆಯಲ್ಲಿ ಕಳೆದ ಹನ್ನೆರಡು ವರ್ಷ ಇಲ್ಲದಿದ್ದರೆ ಸಾವಿರ ಮುಟ್ಟುತ್ತಿತ್ತು ಎಂದು ಹಳಹಳಿಸುತ್ತಾನೆ. ಓದುವವನು ಇಲ್ಲಿ ತತ್ತರಿಸಬೇಕು, ತತ್ತರಿಸುತ್ತಾನೆ. ಆದರೆ ನೂರು ಪುಟ ಕಳೆಯುವಷ್ಟರಲ್ಲಿ ಈ ಮನುಷ್ಯನ ಮಾತಿಗೆ ನಾವು ಒಲಿದುಬಿಟ್ಟಿರುತ್ತೇವೆ. ಅವನ ಪ್ರೇಮಕ್ಕೆ ಮರುಗುತ್ತೇವೆ, ಅವನು ಸಿಕ್ಕಿಬೀಳಬಾರದೆಂದು ಒಳಗೊಳಗೇ ಬಯಸುತ್ತೇವೆ. ದಾರಿಹೋಕರು ಅವನಿಗೆ ಒಲಿದದ್ದೂ ಹೀಗೆಯೇ ಅಲ್ಲವೆ ಎಂಬ ಯೋಚನೆ ಆಗ ಬರುತ್ತದೆ. ಈ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಅಂಜಿಸಿದ್ದು ಅದು.

ಠಕ್ಕರ ಕೆಲಸದ ರೀತಿಯನ್ನು ಟೇಲರ್ ಇಂಚಿಂಚಾಗಿ ತಿಳಿದಿದ್ದ. ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಅಧಿಕಾರಿಯಾಗಿ ದಿನಗಟ್ಟಲೆ ಬರೆದುಕೊಂಡವನು ಅವನು. ತಂಡದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಕೆಲಸ, ಪ್ರತಿ ಕೆಲಸಕ್ಕೂ ‘ರಾಮಸಿ’ ಎಂಬ ಅವರ ಗುಟ್ಟಿನ ಮಾತಿನಲ್ಲಿ ಒಂದೊಂದು ಹೆಸರು. ಪ್ರವಾಸಿಯನ್ನು ಮಾತಿಗೆಳೆದು ನಂಬಿಸುವವನು ‘ಸೋಥಾ’. ರುಮಾಲಿನಿಂದ ಕೊರಳು ಬಿಗಿಯುವವನು ‘ಭುರ್ತೋಟ್’. ಗುಂಡಿ ತೋಡುವವನು ‘ಲುಘಾ’. ಹೆಣ ಹೂಳಲು ಗೊತ್ತುಮಾಡಿದ ಜಾಗ ‘ಬೇಲ್’. ಕೊಲ್ಲಲು ಕೊಡುವ ಸನ್ನೆ ‘ಝಿರ್ನಿ’; ಹೆಚ್ಚಿನ ಸಲ ಅದು ಹೊಗೆಸೊಪ್ಪು ತಾ ಎಂಬಂಥ ದಿನಬಳಕೆಯ ಮಾತು. ಹಣ ಕಟ್ಟಿಕೊಂಡು ಊರಿಗೆ ಹೊರಟ ಸಾಹುಕಾರ, ರಜೆಯ ಮೇಲೆ ಮನೆಗೆ ಹೊರಟ ಸಿಪಾಯಿ, ಇಂಥವರು ದಾರಿಯಲ್ಲಿ ದೊಡ್ಡ ಗುಂಪು ಸಿಕ್ಕಿತಲ್ಲ, ಇನ್ನು ಕಳ್ಳರ ಭಯವಿಲ್ಲ ಎಂದು ನೆಮ್ಮದಿಪಟ್ಟು ಜೊತೆಗೂಡುತ್ತಿದ್ದರು. ದಿನಗಟ್ಟಲೆ ಒಟ್ಟಿಗೆ ನಡೆ, ಒಟ್ಟಿಗೆ ಊಟ. ಒಂದು ಸಂಜೆ ಜಮಖಾನ ಹಾಸಿ, ಹಾಡು ಕೇಳುತ್ತ ಕುಳಿತಾಗ, ಪ್ರತಿ ಅತಿಥಿಯ ಬೆನ್ನ ಹಿಂದೆ ಒಬ್ಬೊಬ್ಬ ಬಂದು ನಿಂತಿರುತ್ತಿದ್ದ. ಅಷ್ಟರಲ್ಲಿ ಮುಂದಿನ ತೋಪಿನಲ್ಲಿ ಗುಂಡಿ ತೋಡಿ ಆಗಿರುತ್ತಿತ್ತು. ಕೊಲೆಗಿಂತ ಮೊದಲೇ ಗೋರಿ ಸಿದ್ಧ!

ಕಲೆಗಾರನಾಗಿ ಟೇಲರನ ಜಾಣ್ಮೆಯೆಲ್ಲ ಇಲ್ಲಿದೆ. ಏನಾಗುತ್ತದೆಂಬುದು ನಮಗೆ ಗೊತ್ತು, ಆ ಸಾಹುಕಾರನಿಗೆ ಗೊತ್ತಿಲ್ಲ. ಕಾದಂಬರಿಕಾರ ಅವಸರ ಮಾಡುವುದಿಲ್ಲ. ಹರಟೆಯನ್ನು ಹರಟೆಯಾಗಿಯೇ ಬರೆಯುತ್ತಾನೆ. ಹಳ್ಳದ ದಂಡೆ, ಮಾವಿನ ನೆರಳು, ಊರ ಸಂತೆ, ಎಲ್ಲವೂ ಅದರದರ ಚೆಲುವಿನಲ್ಲಿ ಬರುತ್ತವೆ. ಠಕ್ಕರ ಈ ಕೊಲೆಗಳಲ್ಲಿ ರಕ್ತ ಚಿಮ್ಮುವುದಿಲ್ಲ. ಇಂದು ಭಯದ ಕಥೆ ಬರೆಯುವ ನಮ್ಮ ಎಳೆಯರು ಹೆಣಗಳ ಲೆಕ್ಕ ಹೆಚ್ಚಿಸುವುದಕ್ಕಿಂತ ಈ ತಾಳ್ಮೆಯನ್ನು ಕಲಿತರೆ ಎಷ್ಟೋ ಮೇಲು.

ಅಪರಾಧಕ್ಕೆ ಪುರಾಣವೂ ಜೊತೆಯಾಗಿತ್ತು. ಠಕ್ಕರು ತಮ್ಮ ಕುಲಕಸುಬಿನ ಮೂಲವನ್ನು ರಕ್ತಬೀಜನ ಕಥೆಗೆ ಒಯ್ದು ಕಟ್ಟುತ್ತಿದ್ದರು. ರಕ್ಕಸನ ಒಂದೊಂದು ಹನಿ ರಕ್ತದಿಂದಲೂ ಒಬ್ಬೊಬ್ಬ ರಕ್ಕಸ ಎದ್ದು ಬರುವಾಗ, ದೇವಿ ತನ್ನ ಬೆವರಿನಿಂದ ಇಬ್ಬರು ಗಂಡಸರನ್ನು ಮಾಡಿ, ಅವರ ಕೈಗೆ ವಸ್ತ್ರ ಕೊಟ್ಟು, ನೆತ್ತರು ನೆಲಕ್ಕೆ ಬೀಳದಂತೆ ಕೊಲ್ಲಿರೆಂದಳು. ಆ ಇಬ್ಬರ ಸಂತಾನ ನಾವು ಎನ್ನುತ್ತಿದ್ದರು. ಇನ್ನೊಂದು ಕಥೆಯೂ ಇತ್ತು. ಒಂದು ಕಾಲಕ್ಕೆ ಹೆಣಗಳನ್ನು ದೇವಿಯೇ ಇಲ್ಲದಂತೆ ಮಾಡುತ್ತಿದ್ದಳಂತೆ. ಹೊಸಬನೊಬ್ಬ ಹಿಂದಿರುಗಿ ನೋಡಿಬಿಟ್ಟನಂತೆ. ಇನ್ನು ಮೇಲೆ ನೀವೇ ಹೂಳಿಕೊಳ್ಳಿ ಎಂದು ಅವಳು ತನ್ನ ಹಲ್ಲನ್ನು ಗುದ್ದಲಿಯಾಗಿ, ಪಕ್ಕೆಲುಬನ್ನು ಚೂರಿಯಾಗಿ, ಸೆರಗಿನ ಅಂಚನ್ನು ಉರುಳಾಗಿ ಕೊಟ್ಟಳಂತೆ. ಗುದ್ದಲಿಗೆ ಪೂಜೆ, ಕೊಲೆಯಾದ ಮೇಲೆ ಬೆಲ್ಲದ ಪ್ರಸಾದ, ಗೂಬೆ ಕೂಗಿದರೆ ಒಂದು ಶಕುನ, ಕತ್ತೆ ಅರಚಿದರೆ ಇನ್ನೊಂದು. ಹೆಂಗಸರನ್ನು ಕೊಲ್ಲಬಾರದು ಎಂಬ ಕಟ್ಟಳೆಯೂ ಇತ್ತು. ಅದನ್ನು ಮುರಿದದ್ದಕ್ಕೇ ದೇವಿ ಕೈಬಿಟ್ಟಳು, ಅದಕ್ಕೇ ಸಿಕ್ಕಿಬಿದ್ದೆವು ಎಂದು ಎಷ್ಟೋ ಕೈದಿಗಳು ಹೇಳಿಕೊಂಡರು. ಟೇಲರ್ ತನ್ನ ಕಥೆಯ ಹೊಡೆತವನ್ನು ಆ ಕಟ್ಟಳೆಯ ಮೇಲೆಯೇ ನಿಲ್ಲಿಸಿದ. ಅಮೀರ್ ಅಲಿ ಒಬ್ಬ ಹೆಂಗಸಿನ ಕೊರಳು ಬಿಗಿಯುತ್ತಾನೆ. ಅವಳ ಕೊರಳಲ್ಲಿದ್ದ ಹಳೆಯ ನಾಣ್ಯದ ತಾಯಿತ ಅವನ ಕೈಗೆ ಬರುತ್ತದೆ. ಅವಳು ಅವನ ಒಡಹುಟ್ಟಿದ ತಂಗಿಯೆಂದು ತಿಳಿಯುವುದು ಬಹಳ ಕಾಲದ ಮೇಲೆ. ಎಳವೆಯಲ್ಲಿ ತನ್ನ ಹೆತ್ತವರನ್ನು ಕೊಂದು, ತನ್ನನ್ನು ಎತ್ತಿ ತಂದು ಸಾಕಿದವರೇ ಈ ಠಕ್ಕರು ಎಂಬುದೂ ಆಗಲೇ ತಿಳಿಯುತ್ತದೆ.

ಈಗ ಕಾದಂಬರಿಯ ಹೊರಗೆ ಬರೋಣ. ಠಕ್ಕರ ಬೇಟೆಗೆ ಹೆಸರಾದವನು ವಿಲಿಯಂ ಸ್ಲೀಮನ್. 1820ರ ದಶಕದ ಮೊದಲಲ್ಲಿ ನರ್ಮದಾ ತೀರದ ನರಸಿಂಗಪುರದಲ್ಲಿ ಆಡಳಿತ ನಡೆಸುತ್ತಿದ್ದಾಗ, ತನ್ನ ಕಚೇರಿಗೆ ಕೂಗಳತೆಯ ಹಳ್ಳಿಯಲ್ಲೇ ಒಂದು ತಂಡ ಮನೆಮಾಡಿಕೊಂಡಿತ್ತು, ಹತ್ತಿರದ ಮಾವಿನ ತೋಪುಗಳಲ್ಲೇ ಅವರ ದೊಡ್ಡ ಹೂಳುವ ಜಾಗವಿತ್ತು, ತನಗೆ ಗಾಳಿಸುದ್ದಿಯೂ ಬಂದಿರಲಿಲ್ಲ ಎಂದು ಅವನೇ ಬರೆದಿದ್ದಾನೆ. ಮುಂದೆ ಫಿರಂಗಿಯಾ ಎಂಬ ಠಕ್ಕರ ನಾಯಕ ಸೆರೆಸಿಕ್ಕ. ಒಂದು ತೋಪಿನಲ್ಲಿ ಸ್ಲೀಮನ್ ಡೇರೆ ಹಾಕಿದ್ದಾಗ, ಡೇರೆಯ ಸುತ್ತಲೇ ನೆಲ ತೋರಿಸಿ ಅಗೆಯಿರಿ ಎಂದ. ಅಗೆದರೆ ಅಸ್ಥಿಗಳು. ಈ ಪ್ರಸಂಗವನ್ನು ಯಾವ ಕಥೆಗಾರನೂ ಕಟ್ಟಿದ್ದಲ್ಲ. ಕಟ್ಟಿದ್ದರೆ ಅತಿಯಾಯಿತೆಂದು ನಾವೇ ಅನ್ನುತ್ತಿದ್ದೆವು. 1836ರಲ್ಲಿ ಸ್ಲೀಮನ್ ಠಕ್ಕರ ಗುಟ್ಟಿನ ಮಾತಿನ ಕೋಶವನ್ನೂ ಅವರೊಡನೆ ನಡೆದ ಮಾತುಕತೆಯನ್ನೂ ಸೇರಿಸಿ ‘ರಾಮಸೀಯಾನಾ’ ಎಂಬ ಗ್ರಂಥ ತಂದ. ಮೂರು ವರ್ಷಕ್ಕೆ ಟೇಲರನ ಕಾದಂಬರಿ ಬಂತು. ಹೇಳಿದ್ದೆಲ್ಲ ಹೆಚ್ಚುಕಡಿಮೆ ನಿಜ, ಕಲ್ಪನೆ ಬಂದಿರುವುದು ಘಟನೆಗಳನ್ನು ಹೆಣೆಯುವಷ್ಟಕ್ಕೆ ಮಾತ್ರ ಎಂದು ಟೇಲರ್ ಮುನ್ನುಡಿಯಲ್ಲಿ ಒತ್ತಿ ಹೇಳಿದ.

ಈ ‘ನಿಜ’ ಎಂಬುದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಆ ನಿಜ ಬಂದದ್ದು ಮಾಫಿ ಸಾಕ್ಷಿಗಳ ಬಾಯಿಂದ. ತಾನು ಮಾಡಿದ್ದನ್ನು ಒಪ್ಪಿಕೊಂಡು, ಜೊತೆಗಾರರ ಹೆಸರು ಹೇಳಿ, ಗೋರಿ ತೋರಿಸಿದವನ ಕೊರಳಿಗೆ ನೇಣು ತಪ್ಪುತ್ತಿತ್ತು. ಹೇಳದವನಿಗೆ ತಪ್ಪುತ್ತಿರಲಿಲ್ಲ. ಹಾಗೆಂದು ಹೇಳಿದ್ದೆಲ್ಲ ಸುಳ್ಳೆಂದು ನಾನು ಅನ್ನುವುದಿಲ್ಲ. ಮಣ್ಣಿನಿಂದ ಎದ್ದ ಎಲುಬುಗಳು ಸುಳ್ಳಲ್ಲ. ದಾರಿಹೋಕರನ್ನು ನಂಬಿಸಿ ಕೊಂದ ತಂಡಗಳು ಇದ್ದವು. ಆದರೆ ಪ್ರಾಣ ಉಳಿಯಬೇಕಾದರೆ ಸಾಹೇಬನ ಕಿವಿಗೆ ರುಚಿಸುವಂತೆ ಹೇಳಬೇಕು ಎಂಬುದು ಅರಿವಾದ ಮನುಷ್ಯ ಎಷ್ಟು ಹೇಳುತ್ತಾನೆ, ಹೇಗೆ ಹೇಳುತ್ತಾನೆ? 719 ಎಂಬ ಲೆಕ್ಕ ಇಟ್ಟವರು ಯಾರು? ಇತಿಹಾಸಕಾರರು ಇದನ್ನೇ ಕೇಳಿದ್ದಾರೆ. ಕಿಮ್ ವ್ಯಾಗ್ನರ್ 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದೊಂದು ದೇಶವ್ಯಾಪಿ ಗುಪ್ತ ಧರ್ಮಪಂಥವಾಗಿರಲಿಲ್ಲ, ಕೆಲಸ ಕಳೆದುಕೊಂಡ ಸಿಪಾಯಿಗಳು, ಬಡ ರೈತರು ಇಂಥವರು ಹೊಟ್ಟೆಪಾಡಿಗೆ, ಜಮೀನ್ದಾರರ ಆಸರೆಯಲ್ಲಿ ನಡೆಸಿದ ದರೋಡೆಯ ಒಂದು ಬಗೆ ಎಂದು ತೋರಿಸುತ್ತಾನೆ. ಪೂಜೆ, ಶಕುನ, ಪ್ರಸಾದ ಅಂದಿನ ಎಲ್ಲ ಕಸುಬಿನವರಿಗೂ ಇದ್ದವು. ಆಯುಧಪೂಜೆ ಮಾಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಲಂಡನ್ನಿನಲ್ಲಿ ಕುಳಿತು ಓದಿದವರಿಗೆ ಮಾತ್ರ ಅದು ನೆತ್ತರು ಬೇಡುವ ದೇವತೆಯ ಆಜ್ಞೆಯಾಗಿ ಕಂಡಿತು.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. 1828ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಜನರನ್ನು ಕೊಂದು, ದೇಹಗಳನ್ನು ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ನಾಕ್ಸ್ ಎಂಬವನ ಶಾಲೆಗೆ ಮಾರಿದರು. ಅಲ್ಲಿಯೂ ಹೇರ್ ಮಾಫಿ ಸಾಕ್ಷಿಯಾಗಿ ಬದುಕಿಕೊಂಡ, ಬರ್ಕ್ 1829ರ ಜನವರಿಯಲ್ಲಿ ನೇಣಿಗೇರಿದ. ಅಲ್ಲಿಯೂ ಕಥೆ ಹುಟ್ಟಿತು. ಕಾದಂಬರಿಕಾರ ಸ್ಟೀವನ್‌ಸನ್ 1884ರಲ್ಲಿ ‘ದಿ ಬಾಡಿ ಸ್ನ್ಯಾಚರ್’ ಪ್ರಕಟಿಸಿದ. ಆ ಕೊಲೆಗಳಿಂದ ಹುಟ್ಟಿದ ಕಾನೂನು ಯಾವುದು? 1832ರ ಅಂಗರಚನಾ ಕಾಯ್ದೆ. ವೈದ್ಯಶಾಲೆಗಳಿಗೆ ದೇಹ ಎಲ್ಲಿಂದ ಬರಬೇಕೆಂಬ ಮೂಲ ಕಾರಣವನ್ನೇ ಅದು ಹಿಡಿಯಿತು. ಅದರ ಭಾರವೂ ಬಡವರ ಮೇಲೆಯೇ ಬಿತ್ತು ಎಂಬುದು ನಿಜ. ಆದರೆ ಯಾರನ್ನೂ ಹುಟ್ಟಿನಿಂದ ಕೊಲೆಗಾರರೆಂದು ಅದು ಕರೆಯಲಿಲ್ಲ. ನಮ್ಮಲ್ಲಿ ಬಂದ 1836ರ ಕಾಯ್ದೆ ಬೇರೆ ದಾರಿ ಹಿಡಿಯಿತು. ಯಾವ ಕೊಲೆ, ಯಾರ ಕೊಲೆ ಎಂದು ರುಜುವಾತು ಮಾಡಬೇಕಿರಲಿಲ್ಲ. ಕಾಯ್ದೆ ಬರುವ ಮುಂಚೆಯೋ ಆಮೇಲೋ ಠಕ್ಕರ ತಂಡಕ್ಕೆ ಸೇರಿದ್ದ ಎಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಸಜೆ.

ಆ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. ಅಪರಾಧವೂ ಒಂದು ಕುಲಕಸುಬು, ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗಿಯೇ ಹುಟ್ಟುತ್ತಾನೆ ಎಂಬ ಅರಿವುಗೇಡಿ ತರ್ಕ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯಾಗಿ ಬಂತು. ಠಕ್ಕರ ಉದಾಹರಣೆಯೇ ಅದಕ್ಕೆ ಬಲವಾಯಿತು. 1911ರಲ್ಲಿ ಅದು ಇಡೀ ದೇಶಕ್ಕೆ ಹಬ್ಬಿತು. ಇದು ದೂರದ ಸಂಗತಿಯಲ್ಲ. ಹುಬ್ಬಳ್ಳಿಯ ಸೆಟ್ಲಮೆಂಟ್, ಗದಗ-ಬೆಟಗೇರಿಯ ಸೆಟ್ಲಮೆಂಟ್ ಎಂಬ ಬಡಾವಣೆಗಳ ಹೆಸರು ಕೇಳಿದ್ದೀರಲ್ಲ? ಮುಳ್ಳುತಂತಿಯ ಬೇಲಿ, ಹಾಜರಿ, ಹೊರಗೆ ಹೋಗಲು ಪರವಾನಗಿ, ಇವುಗಳ ಒಳಗೆ ಕೊರಮರನ್ನು, ಘಂಟಿಚೋರರನ್ನು, ಹರಣಶಿಕಾರಿಗಳನ್ನು, ಕಂಜರಭಾಟರನ್ನು ಇರಿಸಿದ ಜಾಗಗಳ ಗುರುತು ಅವು. ಏನೂ ಅರಿಯದ ಮಕ್ಕಳು ‘ಅಪರಾಧಿ’ಗಳಾಗಿ ಅಲ್ಲಿ ಹುಟ್ಟಿದರು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ, 1952ರ ಆಗಸ್ಟ್ 31ರಂದು. ಒಂದು ಕಾದಂಬರಿ ಇಷ್ಟನ್ನೆಲ್ಲ ಮಾಡಿತು ಎನ್ನುವುದು ಅನ್ಯಾಯದ ಮಾತಾದೀತು. ಆದರೆ ಭಾರತದ ಪ್ರತಿ ದಾರಿಯಲ್ಲೂ ನಗುಮೊಗದ ಕೊಲೆಗಾರನಿದ್ದಾನೆ ಎಂಬ ಚಿತ್ರವನ್ನು ಅಂದಿನ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿದ ಪುಸ್ತಕಗಳಲ್ಲಿ ಇದು ಮುಂದಿನ ಸಾಲಿನದು. 1984ರಲ್ಲಿ ಹಾಲಿವುಡ್ ತೆಗೆದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರದಲ್ಲಿ ಸಹ ಅದೇ ಠಕ್ಕ, ಅದೇ ಕಾಳಿ, ಇನ್ನಷ್ಟು ವಿಕಾರವಾಗಿ.

ಇತಿಹಾಸದಿಂದ ಭಯದ ಕಥೆ ಕಟ್ಟುವವನಿಗೆ ಒಂದು ಋಣವಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ದೆವ್ವದ ಕಥೆ ಬರೆದರೆ ದೆವ್ವಕ್ಕೆ ಹಾನಿಯಿಲ್ಲ. ನಡೆದ ಕೊಲೆಯನ್ನು ಬರೆದರೆ ಸತ್ತವರ ಬಂಧುಗಳಿದ್ದಾರೆ, ಕೊಂದನೆಂದು ಹೆಸರು ಹೊತ್ತವನ ಮಕ್ಕಳಿದ್ದಾರೆ. ಟೇಲರನ ಪುಸ್ತಕದಲ್ಲಿ ಕೊಂದವನ ಬಾಯಿಗೆ ಮೂರು ಸಂಪುಟದಷ್ಟು ಮಾತು ಸಿಕ್ಕಿತು. ಸತ್ತವರಲ್ಲಿ ಹೆಚ್ಚಿನವರು ಬಂದು, ಒಂದು ಸಂಜೆ ನಕ್ಕು, ಮಣ್ಣಿಗೆ ಹೋಗುತ್ತಾರೆ. ಅವರನ್ನು ಕಾದು ಕುಳಿತ ಮನೆಗಳ ಕಡೆಗೆ ಕಥೆ ಹೊರಳುವುದು ಕಡಿಮೆ. ಸಂಬಳದ ಗಂಟು ಕಟ್ಟಿಕೊಂಡು ಹೊರಟ ಸಿಪಾಯಿ ಮನೆ ಮುಟ್ಟಲಿಲ್ಲ. ಹೆಂಡತಿ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ತಿಳಿಯದೆ ವರ್ಷಗಳನ್ನು ಕಳೆದಳು. ಆ ಕಾಲದ ನಿಜವಾದ ಭಯ ಅಲ್ಲಿತ್ತು. ಅದನ್ನು ಬರೆಯುವ ಕೈ ಇನ್ನೂ ಬರಬೇಕಾಗಿದೆ.

ಟೇಲರನ ಬಾಳಿನಲ್ಲೇ ಇನ್ನೊಂದು ಕಥೆಯಿದೆ. ಅದನ್ನು ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ.

1841ರ ಹೊತ್ತಿಗೆ ಅವನನ್ನು ಸುರಪುರ ಸಂಸ್ಥಾನದ ಆಡಳಿತಕ್ಕೆ ಕಳಿಸಿದರು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಚಿಕ್ಕ ಹುಡುಗ, ತಾಯಿ ಈಶ್ವರಮ್ಮ. ರಾಣಿಗೂ ಟೇಲರನಿಗೂ ಸರಿಬರಲಿಲ್ಲ. ಹುಡುಗ ಮಾತ್ರ ಅವನನ್ನು ‘ಅಪ್ಪಾ’ ಎಂದು ಹಚ್ಚಿಕೊಂಡ. ಹುಡುಗನ ಜಾತಕ ನೋಡಿದ ಒಬ್ಬ ಬ್ರಾಹ್ಮಣ, ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲ ಎಂದು ಹೇಳಿದ್ದನಂತೆ. ಟೇಲರ್ ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡ. 1853ರಲ್ಲಿ ರಾಜ್ಯವನ್ನು ಪ್ರಾಯಕ್ಕೆ ಬಂದ ರಾಜನ ಕೈಗೊಪ್ಪಿಸಿ ಹೊರಟ. 1858ರ ಫೆಬ್ರವರಿಯಲ್ಲಿ ಸುರಪುರ ಇಂಗ್ಲಿಷರ ಮೇಲೆ ಸಿಡಿದೆದ್ದಿತು. ರಾಜ ಸೆರೆಸಿಕ್ಕ. ಸಿಕಂದರಾಬಾದಿನ ಸೆರೆಯಲ್ಲಿದ್ದವನನ್ನು ನೋಡಲು ಟೇಲರ್ ಹೋದ.

ಠಕ್ಕರ ಬಾಯಿ ಬಿಡಿಸಿದ ಮನುಷ್ಯ, ಮಗನಂತಿದ್ದವನ ಎದುರು ಕುಳಿತ. ಯಾರು ನಿನ್ನನ್ನು ಎಬ್ಬಿಸಿದರು, ಹೆಸರು ಹೇಳು, ಬ್ರಿಟಿಷ್ ರೆಸಿಡೆಂಟರನ್ನು ಕಂಡು ಮಾತಾಡು, ಪ್ರಾಣ ಉಳಿದೀತು. ಇದೇ ಆ ಭೇಟಿಯ ಒಳತಿರುಳು. ರಾಜ ಒಪ್ಪಲಿಲ್ಲ. ಪ್ರಾಣಕ್ಕಾಗಿ ಬೇಡುವುದಿಲ್ಲ, ಇನ್ನೊಬ್ಬರನ್ನು ಹಿಡಿದುಕೊಡುವುದಿಲ್ಲ ಎಂದ. ನೇಣು ಕಳ್ಳರಿಗೆ, ನನಗೆ ಸಾವೇ ಬರುವುದಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದ. ಮರಣದಂಡನೆ ಮೊದಲು ಗಡೀಪಾರಿಗೆ ಇಳಿದು, ಕೊನೆಗೆ ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಕುಟುಂಬವೂ ಜೊತೆಗಿರಬಹುದು ಎಂದಾಯಿತು. ಜಾತಕ ಸುಳ್ಳಾಯಿತು ಎಂದು ಟೇಲರ್ ಹಿಗ್ಗಿದ. ಕರೆದೊಯ್ಯುವಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿ ಬಿಚ್ಚಿಟ್ಟ ರಿವಾಲ್ವರಿನಿಂದ ಗುಂಡು ಹಾರಿ ರಾಜ ಸತ್ತ. ಆಗ ಅವನಿಗೆ ಇಪ್ಪತ್ತನಾಲ್ಕನೆಯ ವರ್ಷ. ಇದೆಲ್ಲ ಟೇಲರನ ಆತ್ಮಕಥೆಯಲ್ಲಿದೆ. ಅವನು 1876ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಅದು ಹೊರಬಂತು.

ಭವಿಷ್ಯವಾಣಿ, ಕಾರಾಗೃಹ, ಒಂಟಿ ಡೇರೆಯಲ್ಲಿ ಗುಂಡಿನ ಸದ್ದು. ಭಯದ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಇದೆ. ಇದನ್ನು ಕನ್ನಡದಲ್ಲಿ ಬರೆಯಬೇಕು ಎಂದು ಯುವ ಬರಹಗಾರರನ್ನು ಕೇಳಿಕೊಳ್ಳುತ್ತೇನೆ. ಬರೆಯುವಾಗ ಒಂದನ್ನು ನೆನಪಿಡಿ. ಈ ಕಥೆಗೂ ಹೇಳುವವನು ಟೇಲರ್ ಒಬ್ಬನೇ. ಆ ಬ್ರಾಹ್ಮಣನ ಮಾತನ್ನು ನಾವು ಕೇಳಿರುವುದು ಅವನ ಬಾಯಿಂದ, ಸೆರೆಮನೆಯ ಸಂಭಾಷಣೆಯನ್ನು ಕೇಳಿರುವುದೂ ಅವನ ಬಾಯಿಂದ. ಅವನು ರಾಜನನ್ನು ಪ್ರೀತಿಸಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವನು ಆಳುವವರ ಕಡೆಯವನಾಗಿದ್ದ ಎಂಬುದೂ ಅಷ್ಟೇ ನಿಜ. ಆದ್ದರಿಂದ ಆತ್ಮಕಥೆಯೊಂದನ್ನೇ ಮುಂದಿಟ್ಟುಕೊಂಡು ಕೂಡಬೇಡಿ. ಸುರಪುರಕ್ಕೆ ಹೋಗಿ. ದರ್ಬಾರಿನ ಕಡೆಯವರನ್ನು, ಬೇಡ ಮನೆತನಗಳ ಹಿರಿಯರನ್ನು, ಹಾಡು ಕಟ್ಟಿ ಹೇಳುವವರನ್ನು ಕೇಳಿ. ರಾಣಿ ಈಶ್ವರಮ್ಮನ ಬಗ್ಗೆ ಟೇಲರ್ ಬರೆದದ್ದನ್ನು ಅವರ ಎದುರು ಓದಿ ಹೇಳಿ, ಅವರು ಏನನ್ನುತ್ತಾರೋ ಅದನ್ನೂ ಬರೆದುಕೊಳ್ಳಿ. ಆ ಹೆಣ್ಣುಮಗಳ ಕಣ್ಣಿನಿಂದ ಈ ಕಥೆಯನ್ನು ಇಂಗ್ಲಿಷಿನಲ್ಲಿ ಟೇಲರ್ ಬರೆಯಲಾರದವನಾಗಿದ್ದ. ಕನ್ನಡದಲ್ಲಿ ಅದನ್ನು ಬರೆಯಬಹುದು.